ಕಾಕು ಹೂಂ ಅಂದ ಖೋಲಿ

ಧಾರವಾಡದ ನಮ್ಮ ಓಣಿಯಲ್ಲಿ ಹೊಸ ಗೋಡೆ ಎಬ್ಬಿಸುವ ಮುಂಚೆ ಪಕ್ಕದ ಮನೆಗೆ ಹೋಗಿ ಕೇಳುವ ರೂಢಿಯಿತ್ತು. ತಟ್ಟೆಯಲ್ಲಿ ಒಂದು ತೆಂಗಿನಕಾಯಿ, ಒಂದು ಬಟ್ಟಲು ಸಕ್ಕರೆ. ಅವರು ಚಿಟಿಕೆ ಸಕ್ಕರೆ ಬಾಯಿಗೆ ಹಾಕಿಕೊಂಡರೆ ಒಪ್ಪಿದ ಹಾಗೆ. ಒಪ್ಪದವರನ್ನು ನಾನು ಕಂಡಿಲ್ಲ. ಮನೆ ಬಾಗಿಲಿಗೆ ಬಂದ ಸಕ್ಕರೆಯನ್ನು ಯಾರು ತಾನೇ ಬೇಡ ಅಂದಾರು? ಆ ನಯ, ಆ ಸಲುಗೆ ನೆನೆದರೆ ಈಗಲೂ ಹೊಟ್ಟೆ ತಣ್ಣಗಾಗುತ್ತದೆ. ಜೊತೆಗೆ ಸ್ವಲ್ಪ ಸಿಟ್ಟೂ ಬರುತ್ತದೆ.

ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು. ಅಪ್ಪನ ಅಕ್ಕ, ಅಂದರೆ ನನ್ನ ಅತ್ತೆ, ಶಾಲೆಯ ಕೆಲಸದಿಂದ ನಿವೃತ್ತಳಾಗಿ ನಮ್ಮಲ್ಲಿಗೆ ಬಂದಳು. ಮದುವೆಯಾಗದೆ ಊರೂರು ತಿರುಗಿ ಕಲಿಸಿದವಳು, ನೆಂಟರ ಪಡಸಾಲೆಗಳಲ್ಲೇ ಅರ್ಧ ಆಯುಷ್ಯ ಕಳೆದವಳು. ಅವಳಿಗಿದ್ದ ಆಸೆ ಒಂದೇ, ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಒಂದು ಖೋಲಿ.

"ಮಧ್ಯಾಹ್ನ ಎರಡ ತಾಸು ನನ್ನ ಯಾರೂ ಕರೀಬಾರದು, ಅಷ್ಟ ನೋಡಪಾ," ಅಂದು ತಾನು ಕೂಡಿಟ್ಟ ಗಂಟನ್ನು ಅಪ್ಪನ ಕೈಗಿಟ್ಟಳು.

ನಮ್ಮ ಮನೆಗೂ, ನಾವೆಲ್ಲ ಕಾಕು ಎಂದು ಕರೆಯುತ್ತಿದ್ದ ಪಕ್ಕದ ಮನೆಯಾಕೆಯ ಮನೆಗೂ ನಡುವೆ ನಮ್ಮದೇ ಕಿರಿದಾದ ಜಾಗವೊಂದು ಖಾಲಿಯಿತ್ತು. ಅಪ್ಪ ಅಲ್ಲೇ ಖೋಲಿ ಎಬ್ಬಿಸುವುದೆಂದು ನಿಶ್ಚಯಿಸಿದ. ಗೋಡೆ ಕಟ್ಟುವ ಗೌಂಡಿಯೂ ಧೈರ್ಯ ಹೇಳಿದ.

"ಹೊಸಾ ಮನಿ ಕಟ್ಟಿದ್ರ ಪರವಾನಗಿ ಬೇಕ್ರಿ ಸಾಹೇಬ್ರ. ಒಂದ ಖೋಲಿಗೆ ಎಂಥಾ ಪರವಾನಗಿ?"

"ಕೇಳಬೇಕಾದವ್ರನ್ನ ಕೇಳೇನಿ," ಅಂದ ಅಪ್ಪ. ಕಾಕುಗೆ ಸಕ್ಕರೆ ಕೊಟ್ಟಾಗಿತ್ತು. ಅಕ್ಕನ ಆಸೆಯನ್ನೂ ಬಿಡಿಸಿ ಹೇಳಿ ಬಂದಿದ್ದ. ಕಾಕು ಕಣ್ಣೊರೆಸಿಕೊಂಡು, "ಕಟ್ರಿ, ಕಟ್ರಿ, ಪುಣ್ಯಾದ ಕೆಲಸ," ಅಂದಿದ್ದರು.

ಖೋಲಿ ಎದ್ದಿತು. ಅತ್ತೆ ಏಳೆಂಟು ತಿಂಗಳು ಅದರಲ್ಲಿ ರಾಣಿಯಂತೆ ಇದ್ದಳು. ಆಗ ಅಪ್ಪನ ಶಿಸ್ತು ಎದ್ದು ಕೂತಿತು. ಬಸ್ ಟಿಕೆಟನ್ನೂ ಆರು ತಿಂಗಳು ಕಾಯ್ದಿಡುವ ಮನುಷ್ಯ ಆತ. ಹೊಸ ಖೋಲಿಯನ್ನು ಮನೆಯ ದಾಖಲೆಗೆ ಸೇರಿಸಬೇಕೆಂದು ತಾನೇ ಪಾಲಿಕೆಗೆ ಹೋಗಿ ಅರ್ಜಿ ಕೊಟ್ಟು ಬಂದ! ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆಯುವುದೆಂದರೆ ಇದೇ.

ವಾರದಲ್ಲಿ ಅಳತೆಯ ಟೇಪು ಹಿಡಿದು ಎಂಜಿನಿಯರ್ ಬಂದಳು, ಚಿಕ್ಕ ವಯಸ್ಸಿನ ಹೆಣ್ಣುಮಗಳು. ಖೋಲಿಯನ್ನು ಸುತ್ತಿ ನೋಡಿ ಅಪ್ಪನನ್ನು ಕೂರಿಸಿಕೊಂಡು ಹೇಳಿದಳು.

"ಕಾಕಾ, ಹಳೇ ಗ್ವಾಡಿಗೆ ಗಿಲಾವ್ ಮಾಡ್ರಿ, ಸುಣ್ಣಾ ಹಚ್ರಿ, ಒಡದ ಹಂಚು ಬದಲಸ್ರಿ, ಯಾರೂ ಕೇಳೂದಿಲ್ಲ. ಹೊಸಾ ಗ್ವಾಡಿ ಎಬ್ಬಿಸಿ ಮನಿ ಹೊರಗ ಬೆಳಸೂದಾದ್ರ ಮೊದಲ ನಕಾಶಿ ತೋರಿಸಬೇಕು. ಬಾಜೂಕ ಜಾಗಾ ಬಿಟ್ಟ ಕಟ್ಟಬೇಕು."

"ಬಾಜೂ ಮನಿಯವ್ರು ಹೂಂ ಅಂದಾರ್ರಿ!" ಅಪ್ಪ ದನಿ ಏರಿಸಿದ.

ಆಕೆ ಟೇಪು ಸುತ್ತಿಟ್ಟಳು. ಎದ್ದು ಕಾಕು ಮನೆಗೆ ನಡೆದಳು. ನಾವೂ ಹಿಂದೆ ಹೋದೆವು, ಅತ್ತೆಯೂ ಬಂದಳು. ಬೆಳಗಿನ ಹನ್ನೊಂದು ಗಂಟೆ, ಆದರೂ ಅಡಿಗೆಮನೆಯಲ್ಲಿ ದೀಪ ಉರಿಯುತ್ತಿತ್ತು. ಎಂಜಿನಿಯರ್ ಅದನ್ನು ಆರಿಸಿದಳು. ಒಲೆಯ ಮೇಲಿನ ಪಾತ್ರೆ ಕಾಣಿಸದಾಯಿತು. ಇದ್ದ ಒಂದೇ ಕಿಟಕಿಯ ಮುಂದೆ ಗೇಣುದೂರಕ್ಕೆ ನಮ್ಮ ಖೋಲಿಯ ಗೋಡೆ ನಿಂತಿತ್ತು.

"ಯಾಕ್ರಿ, ಒಂದ ಮಾತು ಹೇಳಬಾರದಿತ್ತೇನ್ರಿ?" ಅತ್ತೆ ಕಾಕುವನ್ನು ಕೇಳಿದಳು.

"ರೂಢಿ ಆಗೇತ್ರಿ ಅಕ್ಕಾರ," ಅಂದ ಕಾಕು ಎಂಜಿನಿಯರ್ ಹುಡುಗಿಯ ಕೈ ಹಿಡಿದುಕೊಂಡರು. "ಕೆಡವಸಬ್ಯಾಡವಾ. ಅಕ್ಕಾರು ಎಲ್ಲಿ ಹೋಗಬೇಕು?"

ಎಂಜಿನಿಯರ್ ಅಪ್ಪನ ಕಡೆ ತಿರುಗಿ ಮೆಲ್ಲಗೆ ಅಂದಳು, "ಇಲ್ಲ ಅನ್ನಾಕ ಬರದಂಗ ಕೇಳೀರಿ ಕಾಕಾ. ಮೊದಲ ನಮ್ಮ ಕಡೆ ಬಂದಿದ್ರ, ಹಿತ್ತಲದಾಗ ಕಟ್ರಿ ಅಂತ ಹೇಳತಿದ್ವಿ."

ಹಿತ್ತಲಲ್ಲಿ ಜಾಗವಿತ್ತು. ಸಕ್ಕರೆ ಹಂಚುವ ಅವಸರದಲ್ಲಿ ನಮಗ್ಯಾರಿಗೂ ಅದು ಹೊಳೆದಿರಲಿಲ್ಲ. ಈಗ ಹೊಳೆದರೂ ಅತ್ತೆಯ ಗಂಟೆಲ್ಲ ಇಟ್ಟಿಗೆ, ಸಿಮೆಂಟಾಗಿ ಮುಗಿದಿತ್ತು. ಅತ್ತೆಯೇ ಅಪ್ಪನಿಗೆ ಹೇಳಿದಳು.

"ನಾಳಿಗೆ ಗೌಂಡಿನ್ನ ಕರಿ. ಕೆಡವೂಣು."

ಎರಡೇ ದಿನದಲ್ಲಿ ಖೋಲಿ ಹೋಯಿತು. ಅತ್ತೆ ಮತ್ತೆ ಪಡಸಾಲೆಗೆ ಬಂದು ಹಳೆಯ ಸೀರೆಯೊಂದನ್ನು ಪರದೆಯಾಗಿ ಕಟ್ಟಿಕೊಂಡಳು. ಅಪ್ಪ ಎಷ್ಟೋ ದಿನ ಅವಳ ಮುಖ ನೋಡಿ ಮಾತಾಡಲಿಲ್ಲ. ಇವತ್ತಿಗೂ ಕೆಲಗೇರಿ, ಬೆಂಗೇರಿ ಕಡೆ ಮನೆ ಬೆಳೆಸುವ ನೆಂಟರು ಫೋನ್ ಮಾಡಿದರೆ ಗದರಿಸಿಯೇ ಹೇಳುತ್ತೇನೆ, ಮೊದಲು ಪಾಲಿಕೆಗೆ ನಕಾಶೆ ಒಯ್ಯಿರಿ, ಸಕ್ಕರೆ ಆಮೇಲೆ ಹಂಚಿರಿ ಎಂದು.

ಖೋಲಿ ಕೆಡವಿದ ಮುಂದಿನ ವಾರ, ಒಂದು ಮಧ್ಯಾಹ್ನ, ಕಾಕು ನಮ್ಮ ಬಾಗಿಲಿಗೆ ಬಂದು ಅತ್ತೆಯನ್ನು ತಮ್ಮ ಮನೆಗೆ ಕರೆದೊಯ್ದರು. ಅವರ ಅಡಿಗೆಮನೆಯಲ್ಲಿ ಬಿಸಿಲು ಬಿದ್ದಿತ್ತು. ಕಿಟಕಿಯ ಕೆಳಗೆ ಚಾಪೆ ಹಾಸಿತ್ತು.

"ನಂದೆಲ್ಲಾ ಕೆಲಸ ಮುಗದೇತ್ರಿ. ಒಳಗಿಂದ ಚಿಲಕಾ ಹಾಕ್ಕೋರಿ. ಎರಡ ತಾಸು ಯಾರೂ ಕರಿಯೂದಿಲ್ಲ," ಅಂದು ಕಾಕು ಹೊರಗೆ ಕಟ್ಟೆಯ ಮೇಲೆ ಹೋಗಿ ಕೂತರು.

ಐದು ವರ್ಷ ಹೀಗೇ ನಡೆಯಿತು. ಅತ್ತೆ ತೀರಿಕೊಂಡು ದಿನಕರ್ಮವೆಲ್ಲ ಮುಗಿದ ಮೇಲೆ, ಕಾಕು ಮನೆಯಿಂದ ತಂದಿದ್ದ ಪಾತ್ರೆಗಳನ್ನು ತಿರುಗಿ ಕೊಡಲು ಒಂದು ಮಧ್ಯಾಹ್ನ ನಾನು ಹೋದೆ. ಕಾಕು ಅದೇ ಕಿಟಕಿಯ ಕೆಳಗೆ ಚಾಪೆ ಬಿಚ್ಚುತ್ತಿದ್ದರು. ನನ್ನನ್ನು ಕಂಡು ಅವರ ಕೈ ನಿಂತಿತು. ಆದರೂ ಹಾಸಿಯೇ ಬಿಟ್ಟರು. ಖಾಲಿ ಅಡಿಗೆಮನೆಯ ಬಾಗಿಲು ಮುಂದೆ ಮಾಡಿ, ಎಂದಿನಂತೆ ಹೊರಗೆ ಬಂದು ಕಟ್ಟೆಯ ಮೇಲೆ ಕೂತರು.