ಏಳು ಗಂಟೆಯ ಸಿಸ್ಟರಮ್ಮ

ಸಿಸ್ಟರಮ್ಮನ ಬಲಗೈ ಹೆಬ್ಬೆರಳು ತುದಿಯಲ್ಲಿ ಚಪ್ಪಟೆಯಾಗಿತ್ತು. ಕಾಗದನಗರದ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಸಿರಿಂಜು ಒತ್ತಿ ಒತ್ತಿ ಹಾಗಾಯಿತು ಎನ್ನುತ್ತಿದ್ದರು. ನಿವೃತ್ತಿಯಾದ ಮೇಲೆ ಅದೇ ಬೆರಳು ಬೆಳಿಗ್ಗೆ ಏಳಕ್ಕೊಮ್ಮೆ, ಸಂಜೆ ಏಳಕ್ಕೊಮ್ಮೆ, ಭದ್ರಾವತಿ ಓಲ್ಡ್ ಟೌನಿನ ನಮ್ಮ ಮನೆಯ ಕರೆಗಂಟೆ ಒತ್ತುತ್ತಿತ್ತು.

ನನ್ನ ಮಗಳಿಗೆ ಆಗ ಒಂಬತ್ತು ವರ್ಷ. ಎದೆಯೊಳಗೆ ಗೆಡ್ಡೆ. ಅದರಿಂದಾಗಿ ಕುತ್ತಿಗೆಯ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಗೆಡ್ಡೆಗೆ ಶಿವಮೊಗ್ಗದಲ್ಲಿ ಕೀಮೋ. ಹೆಪ್ಪಿಗೆ ಮನೆಯಲ್ಲೇ ರಕ್ತ ತೆಳುವಾಗಿಸುವ ಇಂಜೆಕ್ಷನ್, ಮೂರು ತಿಂಗಳು. ನಾವಾಗಿಯೇ ಒಂದು ಹೊತ್ತೂ ತಪ್ಪಿಸುವಂತಿಲ್ಲ. ತಪ್ಪಿದರೆ ಹೆಪ್ಪು ಶ್ವಾಸಕೋಶಕ್ಕೆ ಹೋಗಬಹುದು, ಔಷಧಿ ಹೆಚ್ಚಾದರೆ ರಕ್ತ ಸೋರಬಹುದು ಎಂದರು ಡಾಕ್ಟರು. ಚಿಂತೆಗೆ ಕಾರಣ ಹುಡುಕಿಕೊಂಡೇ ಬದುಕಿದ ನನಗೆ ಎರಡೂ ಕಡೆಯಿಂದ ಸರಬರಾಜಾಯಿತು.

ಮೇಜಿನ ಮೂಲೆಗಳಿಗೆಲ್ಲ ಹಳೆ ಪಂಚೆ ಸುತ್ತಿದೆ. ಈಳಿಗೆಮಣೆಯನ್ನು ಅಟ್ಟಕ್ಕೆ ಹಾಕಿದೆ. ಹೆಂಡತಿ ನಾಲ್ಕು ದಿನ ಬರೀ ಬೇಳೆಸಾರು ಮಾಡಿ ಸೇಡು ತೀರಿಸಿಕೊಂಡಳು. ಮಗಳಿಗೆ ನನ್ನ ಹೆಲ್ಮೆಟ್ ಹಾಕಿ ಹಜಾರದಲ್ಲಿ ಕೂರಿಸಿದೆ. ಮೊದಲ ದಿನ ಬಂದ ಸಿಸ್ಟರಮ್ಮ ಬಾಗಿಲಲ್ಲೇ ನಿಂತು ಅವಳನ್ನು ಕೇಳಿದರು, “ಏನ್ ಮಾರಾಯ್ತಿ, ಲೈಸೆನ್ಸ್ ಇದೆಯಾ?”

ತಿಂಗಳಿಂದ ನಗದಿದ್ದ ಹುಡುಗಿ ನಕ್ಕಳು. ಅವರು ಹೆಲ್ಮೆಟ್ ಬಿಚ್ಚಿ ನನ್ನ ಕೈಗಿಟ್ಟರು. “ನೀವು ಹಾಕ್ಕೊಳಿ ಸಾರ್. ಸೂಜಿ ನೋಡಿ ಬೀಳೋರು ನೀವೇ.”

ತೊಡೆಯ ಚರ್ಮ ಚಿವುಟಿ ಹಿಡಿದು, ಚುಚ್ಚಿ, ಎಲ್ಲಿಗೂ ಹೋಗುವ ಅವಸರವಿಲ್ಲದವರಂತೆ ನಿಧಾನವಾಗಿ ಒತ್ತಿದರು. ಅವರು ಹೊರಟ ಮೇಲೆ ನಾನು ಎಲ್ಲರೂ ಮಾಡುವಂತೆ ಚುಚ್ಚಿದ ಜಾಗವನ್ನು ಚೆನ್ನಾಗಿ ಉಜ್ಜಿದೆ. ಸಂಜೆಗೆ ಅಲ್ಲಿ ನೇರಳೆಹಣ್ಣಿನಂಥ ಕಲೆ. ಒಳಗೆಲ್ಲ ರಕ್ತ ಸೋರುತ್ತಿದೆ ಎಂದು ಶಿವಮೊಗ್ಗಕ್ಕೆ ಕಾರು ಕರೆಸಿ, ಬ್ಯಾಗಿಗೆ ಬಟ್ಟೆ ತುಂಬುತ್ತಿದ್ದೆ. ಏಳಕ್ಕೆ ಬಂದ ಸಿಸ್ಟರಮ್ಮ ಕಲೆ ನೋಡಿ, “ಉಜ್ಜಿದ್ದು ಯಾರು?” ಎಂದರು. ಹೆಂಡತಿ, ಮಗಳು ಇಬ್ಬರೂ ನನ್ನ ಕಡೆ ನೋಡಿದರು.

ಈ ಔಷಧಿಗೆ ಉಜ್ಜಲೇಬಾರದಂತೆ. ಹತ್ತಿ ಇಟ್ಟು ಸುಮ್ಮನೆ ಅದುಮಿ ಹಿಡಿಯಬೇಕಂತೆ. ನನ್ನನ್ನು ಬೈದು ಮುಗಿಸಿದ ಮೇಲೂ ಅವರು ಡಾಕ್ಟರಿಗೆ ಫೋನ್ ಮಾಡಿ ಕೇಳಿಯೇ ಸಂಜೆಯ ಸೂಜಿ ಕೊಟ್ಟರು. ಕಾರಿನವನು ಕಾಫಿ ಕುಡಿದು ಹೋದ.

ಎರಡನೇ ತಿಂಗಳ ಕೊನೆಗೆ ಅವರಿಗೆ ಮಂಡಿ ಆಪರೇಷನ್ ನಿಗದಿಯಾಯಿತು. ಸೋಮವಾರದಿಂದ ನಾನೇ ಕೊಡಬೇಕೆಂದರು. ಬೇರೆ ನರ್ಸ್ ಸಿಗುವುದಿಲ್ಲವೇ ಎಂದು ಬೇಡಿಕೊಂಡೆ. ಸಿಗುತ್ತಾರೆ, ಅವರು ಬರದ ದಿನ ಏನು ಮಾಡುತ್ತೀರಿ ಎಂದರು. ಕೈ ಪಳಗಲೆಂದು ಒಂದು ವಾರ ಮೋಸಂಬಿಗೆ ಚುಚ್ಚಿದೆ. ಯಾವ ಮೋಸಂಬಿಯೂ ದೂರು ಹೇಳಲಿಲ್ಲ.

ಶನಿವಾರ ಅವರು ಸಲೈನ್ ತುಂಬಿದ ಸಿರಿಂಜನ್ನು ನನ್ನ ಕೈಗಿಟ್ಟು, ಸೆರಗು ಸರಿಸಿ ತೋಳು ಚಾಚಿದರು. ಚುಚ್ಚುವಾಗ ನೋಡಿದೆ: ಸಿಸ್ಟರಮ್ಮ ಗಟ್ಟಿಯಾಗಿ ಕಣ್ಣು ಮುಚ್ಚಿ ಹಲ್ಲು ಕಚ್ಚಿ ಕೂತಿದ್ದರು.

“ನೋವಾಯ್ತಾ?” ಎಂದೆ.

“ಇಲ್ಲ ಸಾರ್. ನಂಗೆ ಸೂಜಿ ಅಂದ್ರೆ ಮೊದ್ಲಿಂದ್ಲೂ ಭಯ. ಮಗೂಗೆ ಹೇಳ್ಬೇಡಿ.”

ಸೋಮವಾರ ಏಳಕ್ಕೆ ನಾನೇ ಕೊಟ್ಟೆ. “ಗೊತ್ತೇ ಆಗ್ಲಿಲ್ಲಪ್ಪ,” ಎಂದಳು ಮಗಳು. ಅವಳ ಕಾಲ್ಬೆರಳುಗಳು ಮಡಚಿಕೊಂಡದ್ದನ್ನು ನಾನು ನೋಡಿದ್ದೆ. ಇನ್ನೊಂದು ತಿಂಗಳು ಹಾಗೇ ನಡೆಯಿತು. ಹೆಪ್ಪು ಕರಗಿತು, ಕೀಮೋ ಮುಗಿಯುವ ಹೊತ್ತಿಗೆ ಗೆಡ್ಡೆಯೂ. ಈಗ ಅವಳು ಹೈಸ್ಕೂಲಿನಲ್ಲಿ ಖೋಖೋ ಆಡುತ್ತಾಳೆ. ನಾನು ಗೇಟಿನ ಹೊರಗೆ ನಿಂತು ಚಿಂತೆ ಮಾಡುತ್ತೇನೆ.

ಹೋದ ವರ್ಷ ಸಿಸ್ಟರಮ್ಮ ತೀರಿಕೊಂಡರು. ನಿದ್ದೆಯಲ್ಲೇ ಹೋದರಂತೆ, ಯಾರಿಂದಲೂ ಚುಚ್ಚಿಸಿಕೊಳ್ಳದೆ.

ಪಕ್ಕದ ಮನೆ ಅಜ್ಜಿಗೆ ಈಗ ಇನ್ಸುಲಿನ್ ಕೊಡುವುದು ನಾನೇ. ನಿನ್ನ ಕೈ ಯಾಕೆ ಹೀಗೆ ನಡುಗುತ್ತದೆ ಎಂದು ಮೊನ್ನೆ ಅವರು ಕೇಳಿದರು. ನಡುಗಬಾರದು ಎಂದು ನನಗೆ ಕಲಿಸಿದವರು ಹೇಳಿರಲಿಲ್ಲ. ಹೊತ್ತಿಗೆ ಸರಿಯಾಗಿ ಕೊಡಬೇಕು ಎಂದಷ್ಟೇ ಹೇಳಿದ್ದರು.