ಮ್ಯಾಟಿನ ಕೆಳಗಿನ ಉಸುಕು

ಮೊನ್ನೆ ಅಥಣಿಯಲ್ಲಿ ಗಾಡಿ ತೊಳೆಸಲು ಹೋಗಿದ್ದೆ. ತೊಳೆಯುವವನು ಮುಂದಿನ ಸೀಟಿನ ಕೆಳಗಿನ ಮ್ಯಾಟು ಎತ್ತಿ ಕೊಡವಿದ. ಒಂದು ಹಿಡಿಯಷ್ಟು ಉಸುಕು ಬಿತ್ತು. ನಮ್ಮದು ಎರೆಮಣ್ಣಿನ ಸೀಮೆ. ಚಪ್ಪಲಿಗೆ ಹತ್ತುವುದು ಕರಿ ಕೆಸರು, ಇಲ್ಲವೆ ಕಬ್ಬಿನ ಒಣ ಎಲೆಯ ರವದಿ. ಈ ಬಿಳಿ ಉಸುಕು ಎಲ್ಲಿಯದೆಂದು ಅವನು ಕೇಳಿದ. ಅವನಿಗೆ ನಕ್ಕು ಸುಮ್ಮನಾದೆ. ನೀವು ಪುರುಸೊತ್ತಿದ್ದವರು, ನಿಮಗೆ ಹೇಳುತ್ತೇನೆ.

ಸಿದ್ರಾಮ ಮಾಮಾ ನನ್ನ ತಾಯಿಯ ತಮ್ಮ. ಹಾರೂಗೇರಿಯ ಸಂತೆಗೆ ಬಾಡಿಗೆ ಜೀಪು ಹೊಡೆಯುತ್ತಿದ್ದ. ಅದರಲ್ಲಿ ಎಷ್ಟು ಜನ ಹಿಡಿಸುತ್ತಾರೆಂಬುದು ಅವನಿಗೂ ಗೊತ್ತಿರಲಿಲ್ಲ. ದಾರಿಯಲ್ಲಿ ಇನ್ನೊಬ್ಬರು ಕೈಮಾಡಿದರೆ ಅವರೂ ಹಿಡಿಸುತ್ತಿದ್ದರು. ನನಗೆ ಶಾಲೆಯಲ್ಲಿ ನೌಕರಿ ಸಿಕ್ಕ ವರ್ಷ ಗಾಡಿ ಕಲಿಯುವ ಹುಚ್ಚು ಹಿಡಿಯಿತು. ಹೆಣ್ಣುಮಗಳು ಗಾಡಿ ಹೊಡೆಯುವುದೇ ಎಂದು ಮನೆಯಲ್ಲಿ ಎಲ್ಲರೂ ನಕ್ಕರು. ಮಾಮಾ ನಗಲಿಲ್ಲ.

"ಊರಾಗ ಬ್ಯಾಡ ಬಾಳಾ, ಮಂದಿ ನೋಡತೈತಿ. ಹೊಳ್ಯಾಗ ಹೊಡಿ," ಅಂದ.

ಬೇಸಿಗೆಯಲ್ಲಿ ಕೃಷ್ಣೆ ಒಂದು ಮಗ್ಗುಲಿಗೆ ಸರಿದು ಹರಿಯುತ್ತಾಳೆ, ಉಳಿದದ್ದೆಲ್ಲ ಉಸುಕು. ಡಿಕ್ಕಿ ಹೊಡೆಯಲು ಅಲ್ಲಿ ಒಂದು ಗಿಡವೂ ಇರಲಿಲ್ಲ. ಕಲ್ಲಂಗಡಿ ಹಾಕಿದವರ ಗುಡಿಸಲೊಂದಿತ್ತು, ಅದು ನನ್ನಿಂದ ಉಳಿದದ್ದು ದೇವರ ದಯೆ. ಒಂದು ದಿನ ಗಾಬರಿಯಲ್ಲಿ ಕಾಲು ಒತ್ತಿ ಹಿಂದಿನ ಗಾಲಿಗಳನ್ನು ಅಚ್ಚಿನ ತನಕ ಹುಗಿಸಿಬಿಟ್ಟೆ. ಅಳುತ್ತ ಇಳಿದೆ. ಗಾಲಿ ಅಗಲವಾಗಿ ಉಸುಕಿನ ಮೇಲೆ ಕೂರಲೆಂದು ಮಾಮಾ ಟಾಯರುಗಳ ಗಾಳಿ ಅರ್ಧ ಇಳಿಸಿದ, ಗಾಲಿಯ ಸುತ್ತ ಉಸುಕು ತೋಡಿದ, ಚಾವಿಯನ್ನು ಮತ್ತೆ ನನ್ನ ಕೈಯಲ್ಲೇ ಇಟ್ಟ.

"ಯಾರು ಹುಗಿಸ್ಯಾರ, ಅವರ ತೆಗೀಬೇಕು. ಉಸುಕಿನ್ಯಾಗ ಸಿಟ್ಟ ನಡಿಯೂದಿಲ್ಲ. ಮೆಲ್ಲಕ ಬಿಡು."

ಮೆಲ್ಲಕೆ ಬಿಟ್ಟೆ. ಜೀಪು ಎದ್ದು ಬಂತು. ಅಂಥ ಸಂತೋಷ ನನಗೆ ನೌಕರಿಯ ಆದೇಶ ಬಂದ ದಿನವೂ ಆಗಿರಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಈ ದೊಡ್ಡ ಗಾಡಿ ಕೊಂಡೆ. ಅಷ್ಟರಲ್ಲಿ ಮಾಮಾನಿಗೆ ಎಪ್ಪತ್ತು ದಾಟಿತ್ತು. ಇನ್ನು ಗಾಡಿ ಹೊಡೆಯುವುದು ಸಾಕೆಂದು ಅವನ ಮಕ್ಕಳು ಹಿಂದೆ ಬಿದ್ದಿದ್ದರು. ಆ ವರ್ಷ ಮಾಮಾನ ಮಕ್ಕಳೂ ಸೇರಿ ಮನೆಮಂದಿಯೆಲ್ಲ ನಿಪ್ಪಾಣಿ ದಾಟಿ, ಘಾಟ್ ಇಳಿದು ಕೊಂಕಣದ ಸಮುದ್ರಕ್ಕೆ ಹೋದೆವು. ಆಗ ದಂಡೆಯ ಮೇಲೆ ಗಾಡಿ ಒಯ್ದರೆ ಯಾರೂ ಕೇಳುತ್ತಿರಲಿಲ್ಲ. ಉಸುಕು ಕಂಡದ್ದೇ ತಡ, ಮಾಮಾ ಚಾವಿಗೆ ಕೈ ಚಾಚಿದ. ಕೊಟ್ಟೆ. ನೀರಿನ ಅಂಚಿನ ಗಟ್ಟಿ ಒದ್ದೆ ನೆಲದ ಮೇಲೆ ಗಾಡಿ ಸಲೀಸಾಗಿ ಓಡಿತು. ಅಲ್ಲೇ ನಿಲ್ಲಿಸಿ, ಸ್ವಲ್ಪ ದೂರದಲ್ಲಿ ಕೂತು ರೊಟ್ಟಿಯ ಗಂಟು ಬಿಚ್ಚಿದೆವು.

ನೀರು ಹತ್ತಿರ ಬಂದಂತೆ ಕಾಣುತ್ತದಲ್ಲ ಎಂದು ನಾನು ಅಂದರೆ ಮಾಮಾ ನಕ್ಕ. ಮಳೆಯಿಲ್ಲ, ಕೊಯ್ನಾ ಡ್ಯಾಮಿನಿಂದ ಬಿಟ್ಟಿಲ್ಲ, ನೀರು ಹೇಗೆ ಏರೀತು ಎಂದ. ನಮಗೆಲ್ಲ ಆ ಮಾತು ಸರಿಯೆನ್ನಿಸಿತು. ನಾವು ಹೊಳೆದಂಡೆಯವರು, ನೀರು ಏರಿದರೆ ಮಹಾರಾಷ್ಟ್ರದವರು ಬಿಟ್ಟಿರಬೇಕೆಂದೇ ನಂಬಿದವರು. ಆಗ ನಾವು ಕೂತದ್ದೂ ಮಹಾರಾಷ್ಟ್ರದಲ್ಲೇ ಎಂಬುದು ಯಾರಿಗೂ ಹೊಳೆಯಲಿಲ್ಲ.

ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಳ್ಳುತ್ತಿದ್ದಾಗ, ಬಲೆ ಒಣಹಾಕುತ್ತಿದ್ದ ಮೀನುಗಾರನೊಬ್ಬ ಮರಾಠಿಯಲ್ಲಿ ಕೂಗಿದ: ಉಬ್ಬರದ ನೀರು ಏರುತ್ತಿದೆ, ಗಾಡಿ ತೆಗೆಯಿರಿ. ಮಾಮಾ ಓಡಿಹೋಗಿ ಹತ್ತಿದ. ನನಗೆ ಕಲಿಸಿದ್ದನ್ನೆಲ್ಲ ಮರೆತು ಜೋರಾಗಿ ಕಾಲು ಒತ್ತಿದ. ಗಾಲಿಗಳು ಇದ್ದಲ್ಲೇ ತಿರುಗಿ ಹೂತುಕೊಂಡವು. ಮುಂದಿನ ತೆರೆ ಟಾಯರಿನ ತನಕ ಬಂದು ಹೋಯಿತು.

"ಇಳೀರಿ ಮಾಮಾ, ಆಕಿ ತೆಗೀತಾಳ," ಎಂದರು ನಮ್ಮ ಯಜಮಾನರು. ಅವನ ಮಕ್ಕಳೂ ಅದನ್ನೇ ಅಂದರು, ಇಷ್ಟು ಮೆತ್ತಗೆ ಅನ್ನಲಿಲ್ಲ. ಮಾಮಾ ಇಳಿದು ನನ್ನತ್ತ ಚಾವಿ ಚಾಚಿದ. ಅವನ ಮುಖ ನನಗೆ ನೋಡಲಾಗಲಿಲ್ಲ.

ಆ ಗಾಡಿಯ ಮೇಲೆ ನನಗೆ ಎಷ್ಟು ಜೀವವೆಂದರೆ, ಬಾಗಿಲು ಜೋರಾಗಿ ಹಾಕಿದವರ ಜೊತೆ ಅರ್ಧ ದಿನ ಮಾತು ಬಿಡುತ್ತಿದ್ದೆ. ಅದು ಕಣ್ಣೆದುರಿಗೇ ಮುಳುಗುವುದರಲ್ಲಿತ್ತು. ಆದರೂ ಚಾವಿಯನ್ನು ತಿರುಗಿ ಅವನ ಕೈಯಲ್ಲೇ ಇಟ್ಟೆ.

"ಯಾರು ಹುಗಿಸ್ಯಾರ, ಅವರ ತೆಗೀಬೇಕು ಮಾಮಾ."

ಗಾಳಿ ಇಳಿಸಿದೆವು. ಬೈಯುತ್ತಲೇ ಎಲ್ಲರೂ ಉಸುಕು ತೋಡಿದರು. ನಾನು ಮಾಮಾನ ಪಕ್ಕದಲ್ಲಿ ಕೂತೆ. ಹೆದರಿ ಕಣ್ಣು ಮುಚ್ಚಿಕೊಂಡಿದ್ದರಿಂದ ಅವನು ಹೇಗೆ ತೆಗೆದನೆಂದು ಹೇಳಲಾರೆ. ಕಣ್ಣು ತೆರೆದಾಗ ಗಾಡಿ ತೆಂಗಿನ ಮರಗಳ ನೆರಳಲ್ಲಿತ್ತು. ಮಾಮಾ ಅದನ್ನು ಬಂದ್ ಮಾಡಿ, ಚಾವಿ ನನಗೆ ಕೊಟ್ಟು, "ಸಾಕಿನ್ನ," ಎಂದು ಹಿಂದಿನ ಸೀಟಿಗೆ ಹೋದ. ಆಮೇಲೆ ಸ್ಟೇರಿಂಗ್ ಮುಟ್ಟಲೇ ಇಲ್ಲ. ಗೆದ್ದು ಬಿಟ್ಟ ಮನುಷ್ಯ, ಅವನಿಗೆ ಇನ್ನೇನೂ ಬೇಕಿಲ್ಲ ಎಂದು ನಾನೂ ಸಮಾಧಾನ ಮಾಡಿಕೊಂಡಿದ್ದೆ.

ಮೊನ್ನೆ ಆ ಸಮುದ್ರದ ಉಸುಕು ನೋಡುತ್ತ ನಿಂತಾಗ ಮಾಮಾನ ಹೆಂಡತಿ ಹೇಳಿದ ಮಾತು ನೆನಪಾಯಿತು. ರಸ್ತೆಯಲ್ಲಿ ಯಾವುದಾದರೂ ಗಾಡಿ ರಭಸದಿಂದ ಬಂದರೆ ಮಾಮಾ ಕಟ್ಟೆಯ ಮೇಲೆ ಕೂತಲ್ಲೇ ಬಲಗಾಲು ಒತ್ತಿ ಬ್ರೇಕ್ ಹಾಕುತ್ತಾನಂತೆ. ಅವಳು ನಗಿಸಲೆಂದೇ ಹೇಳಿದ್ದಳು, ನಾನೂ ಆಗ ನಕ್ಕಿದ್ದೆ. ಅವನ ಕಾಲು ಇನ್ನೂ ಗಾಡಿಯಲ್ಲೇ ಇದೆ ಎಂದು ಈಗ ಹೊಳೆಯಿತು. ತೊಳೆದದ್ದು ಸಾಕೆಂದು ಹೇಳಿ ಅಲ್ಲಿಂದಲೇ ಮಾಮಾನಿಗೆ ಫೋನ್ ಹಚ್ಚಿದೆ. ಹೊಳೆ ತಗ್ಗಿದೆ, ಐತವಾರ ಗಾಡಿ ತರುತ್ತೇನೆ ಅಂದೆ. ಯಾಕೆಂದು ಕೇಳಿದ.

"ಊರಾಗ ಬ್ಯಾಡ ಮಾಮಾ, ಮಂದಿ ನೋಡತೈತಿ. ಹೊಳ್ಯಾಗ ಹೊಡಿ. ನಾ ಬಾಜೂಕ ಕುಂದರತೀನಿ."

ಮಾಮಾ ಆ ಕಡೆ ಕೆಮ್ಮಿದ.

"ಟಾಯರಿನ ಗಾಳಿ ಇಳಿಸ್ಕೊಂಡ ಬಾ," ಅಂದ.