ಬರ್ಫದ ಮೇಲೆ ಗೋಲ್ ಕಾಯುವವನು

ಪುಣೆಯ ಲಷ್ಕರ್ ಭಾಗದ ಬರ್ಫದ ಕಾರ್ಖಾನೆಯಲ್ಲಿ ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ಬಿಳಿಯ ಸಿಪಾಯಿ ಒಳಗೆ ಬಂದವನೇ, ನಾವು ಆಗಷ್ಟೇ ಅಚ್ಚಿನಿಂದ ಎಳೆದು ನೆಲಕ್ಕೆ ಹಾಕಿದ್ದ ಲಾದಿಯ ಮೇಲೆ ಬೂಟುಗಾಲಿಟ್ಟು ಹತ್ತಿ ನಿಂತುಬಿಟ್ಟ. ಲಾದಿ ಎಂದರೆ ಇಲ್ಲಿ ಆಳು ಮಲಗುವಷ್ಟು ಉದ್ದದ ಬರ್ಫದ ತುಂಡು, ಮಂಜುಗಡ್ಡೆ. ಕುಡಿದಿದ್ದಾನೆ ಎಂದುಕೊಂಡೆವು. ಕುಡಿದಿರಲಿಲ್ಲ. ಅವನಿಗೆ ಊರು ನೆನಪಾಗಿತ್ತು. ಗುಮಾಸ್ತ ಅವನ ಇಂಗ್ಲಿಷನ್ನು ಮರಾಠಿ ಮಾಡಿ ಹೇಳಿದ: ಕೆನಡಾ ದೇಶದವನು. ಅಲ್ಲಿ ಚಳಿಗಾಲಕ್ಕೆ ಕೆರೆಗೆ ಕೆರೆಯೇ ಹೀಗೆ ಗಟ್ಟಿಯಾಗುತ್ತದೆ; ಬೂಟಿನ ತಳಕ್ಕೆ ಉಕ್ಕಿನ ಅಲಗು ಕಟ್ಟಿಕೊಂಡು ಅದರ ಮೇಲೆ ಹಾಕಿ ಆಟ ಆಡುತ್ತಾರೆ. ಗೋಲಿಗೆ ಒಬ್ಬ, ಹಿಂದೆ ಇಬ್ಬರು, ಮುಂದೆ ಮೂವರು.

ನಾನು ಬೆಟಗೇರಿಯವನು. ಹಾಕಿ ಎಂದರೆ ಏನೆಂದು ನಮ್ಮೂರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಎರೆಮಣ್ಣಿನ ಬಯಲಿನಲ್ಲಿ ಬರಿಗಾಲಲ್ಲಿ, ಬಾಗಿದ ಟೊಂಗೆ ಹಿಡಿದು ಆಡಿ ಬೆಳೆದವರು ನಾವು. ಆದರೂ ಆ ಮಾತು ಕೇಳಿ ಕೈಯಲ್ಲಿದ್ದ ಕೊಕ್ಕೆ ಹಾಗೇ ನಿಂತಿತು. ಭೂಮಿಯ ಮೇಲೆ ಇಂಥದ್ದೂ ಉಂಟೇ?

ಪುಣೆಯಲ್ಲಿ ನಾನು ದಿನವೂ ಅದನ್ನೇ ಕೇಳಿಕೊಳ್ಳುತ್ತಿದ್ದೆ. ನಮ್ಮಲ್ಲಿ ಬಾಗಿಲು ತೆರೆದರೆ ಬಯಲು. ಇಲ್ಲಿ ವಾಡೆಯೆಂಬ ದೊಡ್ಡ ಕಟ್ಟಡದಲ್ಲಿ ಗೂಡಿನಂಥ ಖೋಲಿ, ಬಾಗಿಲು ತೆರೆದರೆ ಎದುರಿನವರ ಒಲೆ. ಆಮಟಿ ಎಂದು ಕರೆಯುವ ಸಾರಿಗೆ ಬೆಲ್ಲ ಹಾಕುತ್ತಾರೆ. ಮೊದಲ ಸಲ ಉಂಡಾಗ, ಯಾರದೋ ಹಬ್ಬದ ಊಟ ತಪ್ಪಿ ನನಗೆ ಬಡಿಸಿದ್ದಾರೆ ಎನಿಸಿತು. ದುಡಿಮೆಯಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ. ಬೇರೆಯವರು ಇಬ್ಬರು ಹಿಡಿಯುವ ಲಾದಿಯನ್ನು ನಾನೊಬ್ಬನೇ ಜಾರಿಸಿ ಗಾಡಿಗೆ ಏರಿಸುತ್ತೇನೆ. ಆದರೆ ಮಾತು? ಸಾಲೆ ಬೇಗ ಬಿಟ್ಟವನು, ಕನ್ನಡವಲ್ಲದೆ ಬೇರೇನೂ ಆಡಲು ಬಾರದವನು; ಮರಾಠಿ ಕಿವಿಗೆ ತಿಳಿಯುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. ಹೌದೆನ್ನಲು "ಹೋ", ಬೇಡವೆನ್ನಲು "ನಾಹೀ". ಇಡೀ ದಿನ ನನ್ನ ಬಾಯಿಂದ ಬರುತ್ತಿದ್ದುದು ಅಷ್ಟೇ. ರಾತ್ರಿ ಖೋಲಿಯಲ್ಲಿ ಗೋಡೆಗೆ ಕನ್ನಡದಲ್ಲಿ ಬೈದು ಮಲಗುತ್ತಿದ್ದೆ.

ಸಿಪಾಯಿ ಹೋದ ಮೇಲೆ ಊಟದ ಬಿಡುವಿನಲ್ಲಿ ವಾದ ಹುಟ್ಟಿತು. ನಾವು ಕಣ್ಣಾರೆ ಕಂಡ ಆಟಗಾರರಲ್ಲಿ ಬರ್ಫದ ಮೇಲೆ ಇಳಿಸಬಹುದಾದ ಆರು ಮಂದಿ ಯಾರು? ಮೇಸ್ತ್ರಿ ಬಾಬುರಾವ್ ನಡುವೆ ಕೂತರು, ತೀರ್ಪು ಅವರದು. ಸೆಂಟರಿಗೆ ರೇಲ್ವೆಯ ಫ್ರಾನ್ಸಿಸ್ ಎಂದಾಯಿತು. ಎಡಕ್ಕೆ, ಬಲಕ್ಕೆ, ಹಿಂದಿನ ಇಬ್ಬರಿಗೆ ಜಗಳವಾಡಿ ಹೆಸರು ಗೊತ್ತುಮಾಡಿದರು. ಗೋಲಿಗೆ ಮಾತ್ರ ಯಾರ ಹೆಸರೂ ಒಪ್ಪಿಗೆಯಾಗಲಿಲ್ಲ. ನಾನು ಬಾಯಿ ತೆರೆದೆ.

"ಗೋಲಿಗೆ ನನ್ನ ಅಣ್ಣ, ಈರಪ್ಪ."

"ಅರೇ, ಕಾನಡೀ ಅಪ್ಪಾ ಬೋಲಲಾ!" ಎಂದು ಕೂಗಿದವನು ದಗಡು, ಗಾಡಿ ತುಂಬುವವನು. ಕನ್ನಡದ ಅಪ್ಪ ಮಾತಾಡಿದ, ಎಂದು; ನಮ್ಮ ಹೆಸರುಗಳ ಕೊನೆಯ 'ಅಪ್ಪ' ಅವರಿಗೆ ತಮಾಷೆ. ಎಲ್ಲರೂ ನಕ್ಕರು. ನನಗೆ ರೇಗಿತು. ಗೊತ್ತಿದ್ದ ಮರಾಠಿಯನ್ನೆಲ್ಲ ಒಟ್ಟುಗೂಡಿಸಿ ಹೇಳಿದೆ: ಅಣ್ಣ ಗೋಲಿನಲ್ಲಿ ಗೂಟದ ಹಾಗೆ ನಿಲ್ಲುವುದಿಲ್ಲ, ಮುಂದೆ ಬರುತ್ತಾನೆ, ಹೊಡೆಯುವವನ ಕಣ್ಣು ನೋಡುವುದಿಲ್ಲ, ಮೊಣಕಾಲು ನೋಡುತ್ತಾನೆ, ಮೊಣಕಾಲಿಗೆ ಚೆಂಡು ಬಿದ್ದರೂ "ಹೂಂ" ಅನ್ನುವುದಿಲ್ಲ.

ನಗು ನಿಂತಿತು. ದಗಡು ಎದ್ದು ನಿಂತ. ಅವರ ಮರಾಠಿಯನ್ನು ನಮ್ಮ ಮಾತಿನಲ್ಲೇ ಬರೆಯುತ್ತೇನೆ.

"ಇಷ್ಟು ಚಲೋ ಆಡ್ತಾನ? ಹಂಗಾರ ಕರಸಲೇ ಅವನ್ನ. ಐತಾರ ನಮ್ಮ ಗೋಲಿನ್ಯಾಗ ನಿಲ್ಲಲಿ. ನನ್ನ ಹೊಡ್ತ ತಡದ್ರ ಒಪ್ಕೋತೀನಿ."

ನಾನು ಬುತ್ತಿಯ ಗಂಟು ಕಟ್ಟತೊಡಗಿದೆ.

"ಯಾಕ, ಬರಂಗಿಲ್ಲೇನು? ಅಣ್ಣ ಅದಾನೋ, ಇಲ್ಲಾ ನಿನ್ನ ಖೋಲಿಯಾಗ ಹುಟ್ಯಾನೋ?"

ಅಣ್ಣ ಕಾಲರಾದಲ್ಲಿ ತೀರಿಕೊಂಡಿದ್ದ. ಅದಾದ ಮೇಲೇ ನಾನು ಮಗ್ಗ ಬಿಟ್ಟು ಪುಣೆಗೆ ಬಂದದ್ದು. ಹಾಗಾದರೆ ಮುಂದೆ ಬರುತ್ತಾನೆ, ಮೊಣಕಾಲು ನೋಡುತ್ತಾನೆ ಎಂದು ಏಕೆ ಅಂದೆ? ಇದ್ದ ಎನ್ನಲು ಮರಾಠಿಯಲ್ಲಿ "ಹೋತಾ" ಎನ್ನಬೇಕು. ಅದು ನನಗೆ ಗೊತ್ತಿತ್ತು. ಆದರೆ ನಮ್ಮ ಕಡೆಯ ಕಿವಿಗೆ ಅದು ಹೇಗೆ ಕೇಳುತ್ತದೆ, ನೀವೇ ಹೇಳಿ. ಹೋತು, ಮುಗೀತು ಎಂದ ಹಾಗೆ. ಅವರಿಗೆ ಇದ್ದದ್ದು, ನಮಗೆ ಹೋದದ್ದು. ಅಣ್ಣನ ಹೆಸರಿನ ಪಕ್ಕಕ್ಕೆ ಆ ಶಬ್ದ ತರಲು ನಾಲಗೆ ಏಳುತ್ತಿರಲಿಲ್ಲ. ಅದಕ್ಕೇ "ಆಹೇ" ಎನ್ನುತ್ತಿದ್ದೆ. ಇದ್ದಾನೆ.

ಈಗ ಅನ್ನದಿದ್ದರೆ ಅಣ್ಣನೇ ಸುಳ್ಳಾಗುತ್ತಿದ್ದ.

"ಹೋತಾ," ಎಂದೆ. "ಮಾಝಾ ಭಾವೂ ಹೋತಾ." ನನ್ನ ಅಣ್ಣ ಇದ್ದ.

ದಗಡು ಕೂತುಕೊಂಡ. ಯಾರೂ ಅಯ್ಯೋ ಪಾಪ ಎನ್ನಲಿಲ್ಲ. ಬಾಬುರಾವ್ ಬೀಡಿಯ ಬೂದಿ ಕೊಡವಿ, "ಗೋಲಿಗೆ ಈರಪ್ಪ," ಎಂದರು, ಫ್ರಾನ್ಸಿಸನ ಹೆಸರು ಹೇಳಿದ ದನಿಯಲ್ಲೇ.

ದಗಡು ಅಷ್ಟಕ್ಕೆ ಬಿಡುವವನಲ್ಲ. "ಮುಂದ ಬರ್ತಾನ ಅಂದಿ. ಬರ್ಫದ ಮ್ಯಾಲೆ ಮುಂದ ಬಂದ್ರ ಜಾರಿ ಬೀಳ್ತಾನ," ಎಂದ. ನಾನು ಇಲ್ಲ ಎಂದೆ. ಅಂದಿನಿಂದ ನಮ್ಮಿಬ್ಬರಿಗೂ ಅದೇ ಜಗಳ. ಈ ಊರಿನಲ್ಲಿ ನನ್ನ ಅಣ್ಣನ ಮೇಲೆ ತಕರಾರು ಇರುವವನು ಒಬ್ಬನಿದ್ದಾನೆ ಎಂಬುದು ನನಗೆ ಎಷ್ಟು ಆಸರೆಯಾಯಿತು ಎಂದು ಬರೆಯಲು ನನಗೆ ಬರುವುದಿಲ್ಲ.

ಪಂಚಮಿಗೆ ಊರಿಗೆ ಹೋದೆ. ಬೆಟಗೇರಿಯಲ್ಲಿ ಅಣ್ಣನ ಹೆಸರನ್ನು ಯಾರೂ ಎತ್ತುವುದಿಲ್ಲ. ಎದುರಿಗೆ ಬಂದರೆ ಬೇರೆ ಮಾತು ತೆಗೆಯುತ್ತಾರೆ. ಅತ್ತಿಗೆ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಪುಣೆಯ ಸುದ್ದಿ ಹೇಳುತ್ತ, ಬಾಯಿ ತಪ್ಪಿ ಮರಾಠಿ ಬಂತು: "ಅಣ್ಣ ಗೋಲ್ ಕಾಯೂದ್ರಾಗ ಭಾರೀ ಹೋತಾ."

ಕೈ ನಿಲ್ಲಿಸದೆ ಅವಳೆಂದಳು, "ಹೌದೋ ತಮ್ಮಾ, ಹೋದ್ರು. ಅದನ್ನೇನು ಹೊಸಾದಾಗಿ ಹೇಳ್ತಿ?"

"ಹಂಗಲ್ಲ ಅತ್ತಿಗೀ. ಅಲ್ಲಿಯ ಮಾತಿನ್ಯಾಗ ಇದ್ದಾ ಅಂತ ಅರ್ಥ."

ಆಗ ಕೈ ನಿಂತಿತು. ಸಿಪಾಯಿಯನ್ನು, ಬರ್ಫದ ಕೆರೆಯನ್ನು, ಆರು ಜನರ ವಾದವನ್ನು ಎಲ್ಲವನ್ನೂ ಹೇಳಿದೆ. ಅವಳು ಬರ್ಫ ಕಂಡವಳಲ್ಲ.

"ಆ ದಗಡು ಅಂಬಾವ ಏನಂತಾನ?"

"ಜಾರಿ ಬೀಳ್ತಾನ ಅಂತಾನ."

"ಬೀಳಂಗಿಲ್ಲಂತ ಹೇಳವ್ಗ," ಎಂದಳು. "ಅವರ ಹಿಮ್ಮಡಿ ನಾ ಕಂಡೇನಿ. ಮಳಿಗಾಲದಾಗ ಎರಿಯೊಳಗ ನೀರಿನ ಕೊಡ ಹೊತ್ತು ಬರ್ತಿದ್ರು, ಒಮ್ಮೆ ಜಾರಲಿಲ್ಲ."

ಪುಣೆಗೆ ಮರಳಿ ಅದನ್ನು ದಗಡುವಿಗೆ ಮರಾಠಿಯಲ್ಲಿ ಹೇಳಿದೆ. ಅವನು ಗಾಡಿಗೆ ಲಾದಿ ಏರಿಸುತ್ತಲೇ, "ಎರಿ ಬ್ಯಾರೆ, ಬರ್ಫ ಬ್ಯಾರೆ. ನಿಮ್ಮ ಅತ್ತಿಗೀಗೆ ಹಂಗಂತ ಹೇಳು," ಎಂದ. ಮುಂದಿನ ರಜೆ ಯಾವಾಗಲೋ ಗೊತ್ತಿಲ್ಲ. ಅಲ್ಲಿಯವರೆಗೆ ಅವನ ಉತ್ತರ ನನ್ನ ಹತ್ತಿರವೇ ಇದೆ.